ಮಂಡಿ ನೋವಿಗೆ ಅಕ್ಯುಪಂಕ್ಚರ್, ಜಾನುಬಸ್ತಿ, ಯೋಗ: ಯಾವುದನ್ನು, ಯಾವಾಗ, ಹೇಗೆ?

"ಅಮ್ಮನಿಗೆ ಮಂಡಿ ನೋವು, ಅಕ್ಯುಪಂಕ್ಚರ್ ಮಾಡಿಸಬಹುದಾ?" "ಆಯುರ್ವೇದದಲ್ಲಿ ಮಂಡಿ ಮೇಲೆ ಎಣ್ಣೆ ನಿಲ್ಲಿಸ್ತಾರಂತೆ, ಸವೆದ ಮಂಡಿ ಅದರಿಂದ ಸರಿಹೋಗುತ್ತಾ?" "ಮಾತ್ರೆ ನುಂಗಿ ನುಂಗಿ ಹೊಟ್ಟೆ ಹಾಳಾಗಿದೆ, ಬೇರೆ ದಾರಿ ಇದ್ದರೆ ಹೇಳಿ." ಓದುಗರು ಕೇಳುವ ಪ್ರಶ್ನೆಗಳಲ್ಲಿ ಇವೇ ಜಾಸ್ತಿ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಅಕ್ಯುಪಂಕ್ಚರ್ ಅಂದರೆ ಮೈಯ ಕೆಲವು ಬಿಂದುಗಳಲ್ಲಿ ತೆಳ್ಳನೆಯ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ಮಂಡಿ ಮೇಲೆ ಎಣ್ಣೆ ನಿಲ್ಲಿಸುವುದೇ ಜಾನುಬಸ್ತಿ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಮೂಳೆಗಳ ತುದಿಯಲ್ಲಿ ಕಾರ್ಟಿಲೇಜ್ ಎಂಬ ನುಣುಪಾದ ಪದರ ಇರುತ್ತದೆ. ವಯಸ್ಸಾದಂತೆ ಅದು ಸವೆಯುತ್ತದೆ. ಸವೆದದ್ದನ್ನು ಮತ್ತೆ ಮೊದಲಿನಂತೆ ಬೆಳೆಸುವ ಸೂಜಿ ಇಲ್ಲ, ಎಣ್ಣೆ ಇಲ್ಲ, ಪುಡಿಯೂ ಇಲ್ಲ. ಈ ಚಿಕಿತ್ಸೆಗಳಿಂದ ನೋವು ಕಡಿಮೆಯಾಗಬಹುದು, ಅಷ್ಟೆ. ಅದೇನೂ ಸಣ್ಣ ವಿಷಯವಲ್ಲ. ನೋವು ತಗ್ಗಿದ ಆ ಕೆಲವು ವಾರಗಳಲ್ಲಿ ನಡೆದಾಡಿ, ತೊಡೆಗೆ ಬಲ ತುಂಬಿಕೊಂಡರೆ ಲಾಭ ಉಳಿಯುತ್ತದೆ. ಸೂಜಿ ಹಾಕಿಸಿಕೊಂಡು ಬಂದು ಮತ್ತೆ ದಿನವೆಲ್ಲ ಟಿವಿ ಮುಂದೆ ಕೂತರೆ ಕೊಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಹಂತ 1: ಇದು ಯಾವ ಸಂಧಿವಾತ ಅಂತ ಮೊದಲು ತಿಳಿದುಕೊಳ್ಳಿ

ಕೀಲು ನೋವೆಲ್ಲ ಒಂದೇ ಅಲ್ಲ. ಜನ ಎಡವುವುದು ಇಲ್ಲೇ. ಪಕ್ಕದ ಮನೆಯವರಿಗೆ ಗುಣವಾದದ್ದು ನಮಗೂ ಆಗುತ್ತದೆ ಅಂದುಕೊಂಡು ಹೊರಡುತ್ತಾರೆ. ಅವರ ಕಾಯಿಲೆಯೇ ಬೇರೆ ಇರುತ್ತದೆ.

ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಸವೆತದ ಸಂಧಿವಾತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್. ಆಯುರ್ವೇದದಲ್ಲಿ ಇದನ್ನು ಸಂಧಿಗತ ವಾತ ಎನ್ನುತ್ತಾರೆ. ಮೆಟ್ಟಿಲು ಇಳಿಯುವಾಗ, ಕೂತಲ್ಲಿಂದ ಏಳುವಾಗ ನೋವು. ಬೆಳಗ್ಗೆ ಎದ್ದಾಗ ಕಾಲು ಹಿಡಿದುಕೊಂಡಿರುತ್ತದೆ, ಆದರೆ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಆಯುರ್ವೇದದ ಆಮವಾತ ಇದಕ್ಕೆ ಹತ್ತಿರ. ದೇಹದ ರೋಗನಿರೋಧಕ ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಎರಡೂ ಕೈಗಳ ಬೆರಳಿನ ಗೆಣ್ಣುಗಳು, ಮಣಿಕಟ್ಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ. ಮೂವತ್ತು, ನಲವತ್ತರ ವಯಸ್ಸಿನ ಹೆಂಗಸರಲ್ಲೂ ಬರುತ್ತದೆ. ಇದಕ್ಕೆ ಬೇಗ ಸರಿಯಾದ ಔಷಧಿ ಶುರು ಮಾಡದಿದ್ದರೆ ಕೀಲುಗಳು ಶಾಶ್ವತವಾಗಿ ಸೊಟ್ಟಗಾಗುತ್ತವೆ. ಸೂಜಿ, ಎಣ್ಣೆ ಅಂತ ಆರು ತಿಂಗಳು ಕಳೆದರೆ ಆ ಆರು ತಿಂಗಳು ವಾಪಸ್ ಬರುವುದಿಲ್ಲ.

ಮೂರನೆಯದು ಗೌಟ್, ಆಯುರ್ವೇದದಲ್ಲಿ ವಾತರಕ್ತ. ಯೂರಿಕ್ ಆಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂತು ಬರುವ ನೋವು. ಹೆಚ್ಚಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ, ರಾತ್ರೋರಾತ್ರಿ, ಹೊದಿಕೆ ತಗುಲಿದರೂ ಜೀವ ಹೋಗುವಷ್ಟು ನೋವು. ಇನ್ನು ಚಿಕೂನ್‌ಗುನ್ಯ. 2006ರಲ್ಲಿ ನಮ್ಮ ರಾಜ್ಯದ ಊರೂರುಗಳಲ್ಲಿ ಹರಡಿದಾಗ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ನೋವು ಅನುಭವಿಸಿದವರು ಬಹಳ. ಈಗಲೂ ಮಳೆಗಾಲದಲ್ಲಿ ಜ್ವರ ಬಂದು ಹೋದ ಮೇಲೆ ಕೀಲು ಹಿಡಿದುಕೊಂಡರೆ ಇದನ್ನು ನೆನಪಿಡಿ.

ಹಾಗಾಗಿ ಮೊದಲ ಕೆಲಸ: ಮೂಳೆ ವೈದ್ಯರನ್ನು ಅಥವಾ ರುಮಟಾಲಜಿಸ್ಟ್ ಅಂದರೆ ಸಂಧಿವಾತದ ತಜ್ಞರನ್ನು ಒಮ್ಮೆ ಕಾಣಿ. ಸವೆತದ ಅನುಮಾನ ಇದ್ದರೆ ನಿಂತುಕೊಂಡ ಭಂಗಿಯಲ್ಲಿ ಮಂಡಿಯ ಎಕ್ಸ್‌ರೇ ತೆಗೆಸುತ್ತಾರೆ. ಊತ ಜಾಸ್ತಿ ಇದ್ದರೆ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ, ಯೂರಿಕ್ ಆಸಿಡ್ ಎಂಬ ರಕ್ತ ಪರೀಕ್ಷೆಗಳನ್ನು ಬರೆಯಬಹುದು. ಮೊದಲೆರಡು ಒಳಗೆ ಉರಿಯೂತ ಎಷ್ಟಿದೆ ಎಂದು ತೋರಿಸುತ್ತವೆ. ಮುಂದಿನ ಎರಡು ರುಮಟಾಯ್ಡ್ ಹೌದೋ ಅಲ್ಲವೋ ಎಂದು ತಿಳಿಯಲು.

ಎಚ್ಚರಿಕೆ: ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗೆ ಕೀವಾಗಿರುವ ಲಕ್ಷಣ ಇರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ ಅಷ್ಟೇ. ಮೀನಖಂಡ ಊದಿ, ಒತ್ತಿದರೆ ನೋವಾಗುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ಯಾರ ಕೈಲೂ ತಿಕ್ಕಿಸಬೇಡಿ.

ಹಂತ 2: ಒಂದು ನೋಟ್‌ಬುಕ್ ಇಡಿ, ಇರುವ ಮಾತ್ರೆ ನಿಲ್ಲಿಸಬೇಡಿ

ಯಾವ ಚಿಕಿತ್ಸೆಯಾದರೂ ಸರಿ, ಶುರು ಮಾಡುವ ಮುಂಚೆ ನಾಲ್ಕು ವಿಷಯ ಬರೆದಿಡಿ. ಒಂದು, ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು. ಎರಡು, ಕೂರದೆ ಎಷ್ಟು ನಿಮಿಷ ನಡೆಯಲು ಆಗುತ್ತದೆ. ಮೂರು, ರಾತ್ರಿ ನೋವಿನಿಂದ ಎಷ್ಟು ಸಲ ಎಚ್ಚರವಾಗುತ್ತದೆ. ನಾಲ್ಕು, ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರಿ. ಫಿಸಿಯೋಥೆರಪಿಸ್ಟ್‌ಗಳು ಕೂಡ ಈ ಕೊನೆಯ ಪರೀಕ್ಷೆ ಮಾಡುತ್ತಾರೆ. ವಾರಕ್ಕೊಮ್ಮೆ ಇದೇ ನಾಲ್ಕನ್ನು ಮತ್ತೆ ಬರೆಯಿರಿ.

ಇದು ಯಾಕೆ ಬೇಕು ಅಂದರೆ, ಸವೆತದ ನೋವು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ನೋವು ತೀರಾ ಜಾಸ್ತಿಯಾದಾಗ ಅಲ್ವಾ? ಅಲ್ಲಿಂದ ಅದು ಹೇಗೂ ಸ್ವಲ್ಪ ಇಳಿಯುತ್ತದೆ. ಆ ಹೊತ್ತಿಗೆ ಏನು ಮಾಡಿಸಿಕೊಂಡಿದ್ದೇವೋ ಅದಕ್ಕೇ ಹೆಸರು ಬರುತ್ತದೆ. ಆರೇಳು ವಾರದ ಬರಹ ಕೈಯಲ್ಲಿದ್ದರೆ ನಿಜಕ್ಕೂ ಗುಣ ಕಂಡಿದೆಯೇ ಎಂದು ತಿಳಿಯುತ್ತದೆ.

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆ, ಕಷಾಯ, ಲೇಹ್ಯ, ಪುಡಿ ಬರೆದಿಡಿ. ಯಾವ ವೈದ್ಯರ ಬಳಿ ಹೋದರೂ ತೋರಿಸಿ. ಇಂಗ್ಲಿಷ್ ಔಷಧಿಯವರ ಹತ್ತಿರ ಆಯುರ್ವೇದದ್ದನ್ನು, ಆಯುರ್ವೇದದವರ ಹತ್ತಿರ ಇಂಗ್ಲಿಷ್ ಔಷಧಿಯನ್ನು ಮುಚ್ಚಿಡುವುದು ನಮ್ಮಲ್ಲಿ ತುಂಬ ಇದೆ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡಿ.

ರುಮಟಾಯ್ಡ್ ಇರುವವರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಮೆಥೋಟ್ರೆಕ್ಸೇಟ್‌ನಂಥ ಮಾತ್ರೆಯನ್ನು ಸೂಜಿ ಚಿಕಿತ್ಸೆ ಶುರುವಾಯಿತು ಅಂತ ಸುಮ್ನೆ ನಿಲ್ಲಿಸಬೇಡಿ. ಹಾಗೆಯೇ ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಹಿರಿಯರಿಗೆ ಮಾತ್ರೆ ಕೊಡುವವರು ವಾರದ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಂತ 3: ಅಕ್ಯುಪಂಕ್ಚರ್‌ನಿಂದ ಎಷ್ಟು ನಿರೀಕ್ಷಿಸಬಹುದು?

ಚೀನಾದ ಈ ಪದ್ಧತಿ ನಮ್ಮಲ್ಲಿಗೆ ಬಂದು ಆರು ದಶಕ ದಾಟಿದೆ. 1938ರಲ್ಲಿ ಯುದ್ಧದ ನಡುವೆ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. ಅದೇ ತಂಡದ ಡಾ. ಬಿ. ಕೆ. ಬಸು ಮುಂದೆ ಇದನ್ನು ಕಲಿತು ಕೋಲ್ಕತ್ತಾಕ್ಕೆ ತಂದರು.

ಇದರ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಒಂದು ಜರ್ಮನಿಯದು, 2006ರಲ್ಲಿ ಪ್ರಕಟವಾಯಿತು. ಮಂಡಿ ಸವೆತದ 1007 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಪದ್ಧತಿಯ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬೇಕೆಂದೇ ಬೇರೆ ಜಾಗಗಳಲ್ಲಿ, ಮೇಲೆ ಮೇಲೆ ಸೂಜಿ. ಮೂರನೆಯ ಗುಂಪಿಗೆ ಸೂಜಿ ಇಲ್ಲ, ವೈದ್ಯರ ಭೇಟಿ ಮತ್ತು ನೋವಿನ ಮಾತ್ರೆ. ಆರು ತಿಂಗಳ ಹೊತ್ತಿಗೆ ಮೊದಲ ಗುಂಪಿನಲ್ಲಿ ಶೇ. 53, ಎರಡನೆಯದರಲ್ಲಿ ಶೇ. 51, ಮೂರನೆಯದರಲ್ಲಿ ಶೇ. 29 ಜನರಿಗೆ ಚೆನ್ನಾಗಿ ಗುಣ ಕಂಡಿತು. ಅಂದರೆ ಸೂಜಿ ಹಾಕಿಸಿಕೊಂಡವರಿಗೆ ಲಾಭವಾಯಿತು, ಆದರೆ ಎಲ್ಲಿ ಹಾಕಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಇದನ್ನು ತಜ್ಞರು ಎರಡು ಥರ ಓದುತ್ತಾರೆ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ 2007ರಿಂದ ಮಂಡಿ ಸವೆತದ ಅಕ್ಯುಪಂಕ್ಚರ್‌ಗೆ ಹಣ ಕೊಡುತ್ತಿದೆ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ "ಬೇಕಿದ್ದರೆ ಮಾಡಿಸಬಹುದು" ಎಂಬ ಮಟ್ಟದಲ್ಲಿ ಒಪ್ಪುತ್ತದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಸವೆತದ ಸಂಧಿವಾತಕ್ಕೆ ಇದನ್ನು ಕೊಡುವುದು ಬೇಡ ಎಂದಿತು.

ನನ್ನ ಅಭಿಪ್ರಾಯ ಹೀಗಿದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇದ್ದು ನೋವಿನ ಮಾತ್ರೆ ನುಂಗಲಾಗದ ಹಿರಿಯರು ನಮ್ಮಲ್ಲಿ ಎಷ್ಟೋ ಜನ. ಅಂಥವರಿಗೆ ಒಳ್ಳೆಯ ಕೈಯಲ್ಲಿ ಮಾಡಿಸಿದ ಅಕ್ಯುಪಂಕ್ಚರ್ ಪ್ರಯತ್ನಿಸಲು ಯೋಗ್ಯ. ಅಡ್ಡಪರಿಣಾಮ ಕಡಿಮೆ. ಆದರೆ "ಹತ್ತು ಸಿಟ್ಟಿಂಗ್‌ನಲ್ಲಿ ಸವೆತ ವಾಸಿ, ಆಪರೇಷನ್ ಬೇಡವೇ ಬೇಡ" ಎನ್ನುವವರಿದ್ದರೆ ಎದ್ದು ಬನ್ನಿ.

ಹಂತ 4: ಸರಿಯಾದವರನ್ನು ಹುಡುಕುವುದು

ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2015ರ ಕಾಯ್ದೆ ಇದೆ. ಆದರೂ ವಾರಾಂತ್ಯದ ಶಿಬಿರದಲ್ಲಿ ಕಲಿತು ಬೋರ್ಡ್ ಹಾಕಿಕೊಂಡವರು ಎಲ್ಲೆಡೆ ಇದ್ದಾರೆ. ಕರ್ನಾಟಕದಲ್ಲಿ ಸುಲಭದ ದಾರಿ ಬಿಎನ್‌ವೈಎಸ್ ಓದಿದ ವೈದ್ಯರನ್ನು ಹುಡುಕುವುದು. ಇದು ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಇರುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಅಕ್ಯುಪಂಕ್ಚರ್ ಅದರ ಪಠ್ಯದಲ್ಲೇ ಇದೆ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಈ ಪದವಿ 1989ರಿಂದ ಇದೆ. ಅಲ್ಲಿ ಓದಿದವರು ರಾಜ್ಯದ ಹಲವು ಊರುಗಳಲ್ಲಿ ಸಿಗುತ್ತಾರೆ.

ಹೋದ ಕೂಡಲೇ ನೋಡಬೇಕಾದ್ದು, ಕೇಳಬೇಕಾದ್ದು:

1. ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪತ್ರ ಇದೆಯೇ? ಖಾಸಗಿ ಕ್ಲಿನಿಕ್‌ಗಳಿಗೆ ರಾಜ್ಯದ ಕಾನೂನಿನಂತೆ ಇರಬೇಕಾದ ನೋಂದಣಿ ಇದು.
2. ಸೂಜಿ ಒಮ್ಮೆ ಮಾತ್ರ ಬಳಸುವಂಥದ್ದೇ? ಸೀಲ್ ಆದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. "ನಿಮ್ಮ ಸೂಜಿ ನಿಮಗೇ ಅಂತ ಡಬ್ಬಿಯಲ್ಲಿ ಇಟ್ಟಿರ್ತೀವಿ" ಎಂದರೆ ಒಪ್ಪಬೇಡಿ. ಹೆಪಟೈಟಿಸ್ ಬಿ, ಸಿ ಸೋಂಕು ಸೂಜಿಯಿಂದಲೂ ಹರಡುತ್ತದೆ.
3. ನಿಮ್ಮ ಎಕ್ಸ್‌ರೇ, ಮಾತ್ರೆಗಳ ಪಟ್ಟಿ ಕೇಳಿದರೇ? ಕೇಳದೆ ಸೀದಾ ಮಂಚ ತೋರಿಸಿದರೆ ಅನುಮಾನಿಸಿ.
4. ಇಪ್ಪತ್ತು, ಮೂವತ್ತು ಸಿಟ್ಟಿಂಗ್‌ನ ಪ್ಯಾಕೇಜಿಗೆ ಮುಂಗಡ ಕೇಳುತ್ತಾರೆಯೇ? ಕೊಡಬೇಡಿ. ಆರು ಸಲ ನೋಡಿ ಮುಂದಿನ ಮಾತು ಎನ್ನಿ.

ನೀವೂ ಕೆಲವು ವಿಷಯ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ (ವಾರ್ಫರಿನ್, ಅಸಿಟ್ರಾಮ್, ಕ್ಲೋಪಿಡೋಗ್ರೆಲ್ ಥರದ್ದು) ತೆಗೆದುಕೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಹರಿಸುವ ಎಲೆಕ್ಟ್ರೋ ಅಕ್ಯುಪಂಕ್ಚರ್ ಬೇಡ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಮಂಡಿಗೆ ಸೂಜಿ ಹಾಕಿಸುವ ಮುಂಚೆ ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ.

ಹಂತ 5: ಮೊದಲ ಸಲ ಏನಾಗುತ್ತದೆ?

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಒಂದೆರಡು ಗಂಟೆ ಮುಂಚೆ ಹಗುರವಾಗಿ ಏನಾದರೂ ತಿಂದಿರಿ. ಮಂಡಿ ಮೇಲಕ್ಕೆ ಸುಲಭವಾಗಿ ಸರಿಯುವ ಸಡಿಲ ಬಟ್ಟೆ ಹಾಕಿಕೊಳ್ಳಿ.

ಅಂಗಾತ ಮಲಗಿಸಿ ಮಂಡಿಯ ಕೆಳಗೆ ದಿಂಬು ಕೊಡುತ್ತಾರೆ. ಸ್ಪಿರಿಟ್ ಹಚ್ಚಿ ಒರೆಸುತ್ತಾರೆ. ಸೂಜಿ ನೋಡಿದರೆ ಭಯ ಅರ್ಧ ಹೋಗುತ್ತದೆ. ಸುಮಾರು 0.25 ಮಿಲಿಮೀಟರ್ ದಪ್ಪ, ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ, ಹಿಡಿದರೆ ಬಾಗುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸಿ, ಅದರೊಳಗಿನ ಸೂಜಿಯ ತಲೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಇರುವೆ ಕಚ್ಚಿದಷ್ಟು ಚುರುಕ್ ಎನ್ನುತ್ತದೆ. ಆಮೇಲೆ ಕೊಳವೆ ತೆಗೆದು ಸೂಜಿಯನ್ನು ನಿಧಾನವಾಗಿ ಒಳಗೆ ಬಿಟ್ಟು ತಿರುಗಿಸುತ್ತಾರೆ. ಮಂಡಿಚಿಪ್ಪಿನ ಕೆಳಗೆ ಎರಡೂ ಬದಿಯಲ್ಲಿ ಗುಳಿ ಬೀಳುತ್ತದಲ್ಲ, ಅಲ್ಲಿ ಒಂದೊಂದು. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯ ಹೊರಬದಿಯಲ್ಲಿ ಒಂದು. ಮಂಡಿಯ ಒಳಬದಿ, ಹೊರಬದಿಯಲ್ಲಿ ಇನ್ನೆರಡು. ಸೂಜಿ ಬೇಕಾದ ಆಳ ಮುಟ್ಟಿದಾಗ ಒಂದು ಥರ ಭಾರ, ಮಂದವಾದ ಸೆಳೆತ, ಜುಮುಜುಮು ಅನ್ನಿಸುತ್ತದೆ. ಚೀನೀ ಪದ್ಧತಿಯವರು ಇದನ್ನು ದಚೀ ಎನ್ನುತ್ತಾರೆ, ಇದು ಬರಲೇಬೇಕು ಎಂಬುದು ಅವರ ನಂಬಿಕೆ. ಆದರೆ ಕರೆಂಟ್ ಹೊಡೆದಂತೆ ಕಾಲಿನುದ್ದಕ್ಕೂ ನೋವು ಹರಿದರೆ ತಕ್ಷಣ ಹೇಳಿ, ಸೂಜಿ ನರಕ್ಕೆ ತಗುಲಿರಬಹುದು. 20ರಿಂದ 30 ನಿಮಿಷ ಹಾಗೇ ಮಲಗಿರಬೇಕು. ತೆಗೆಯುವಾಗ ನೋವಿರುವುದಿಲ್ಲ.

ತೆಗೆದ ಜಾಗದಲ್ಲಿ ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ, ಆ ದಿನ ಸ್ವಲ್ಪ ಸುಸ್ತು ಸಾಮಾನ್ಯ. ಕೆಂಪಾಗಿ ಊದಿಕೊಂಡರೆ, ಕೀವು ಕಂಡರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಎದೆ, ಭುಜದ ಭಾಗಕ್ಕೂ ಸೂಜಿ ಹಾಕಿಸಿಕೊಂಡಿದ್ದು ಆಮೇಲೆ ಉಸಿರಾಡಲು ಕಷ್ಟವಾದರೆ ನೇರ ತುರ್ತು ವಿಭಾಗಕ್ಕೆ ಹೋಗಿ. ತೀರಾ ಅಪರೂಪ, ಆದರೆ ಶ್ವಾಸಕೋಶಕ್ಕೆ ತಗುಲಿದ ಉದಾಹರಣೆಗಳಿವೆ. ಮಂಡಿ ನೋವಿಗೆ ಎದೆಗೆ ಸೂಜಿ ಯಾಕೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಂತ 6: ಆರು ಸಲದ ನಂತರ ತೀರ್ಮಾನ

ವಾರಕ್ಕೆ ಒಂದೋ ಎರಡೋ ಸಲದಂತೆ ಆರು ಸಲ ಮುಗಿದ ಮೇಲೆ ನೋಟ್‌ಬುಕ್ ತೆರೆಯಿರಿ. ನೋವಿನ ಅಂಕ ಎರಡಾದರೂ ಇಳಿದಿದೆಯೇ? ನಡಿಗೆಯ ನಿಮಿಷ ಹೆಚ್ಚಿದೆಯೇ? ಹೌದಾದರೆ ಹತ್ತು ಹನ್ನೆರಡರ ತನಕ ಮುಂದುವರಿಸಿ, ಆಮೇಲೆ ನಿಲ್ಲಿಸಿ ನೋಡಿ. ಇಲ್ಲವಾದರೆ ಅಲ್ಲಿಗೇ ಬಿಡಿ. "ಒಳಗಿಂದ ಗುಣವಾಗ್ತಿದೆ, ನಿಮಗೆ ಗೊತ್ತಾಗ್ತಿಲ್ಲ" ಎಂಬ ಸಮಾಧಾನದ ಮಾತಿಗೆ ದುಡ್ಡು ಕೊಡಬೇಡಿ. ನೋವು ಇದ್ದದ್ದು ನಿಮಗೆ ಗೊತ್ತಾಗಿತ್ತು. ಕಡಿಮೆಯಾದರೂ ನಿಮಗೇ ಗೊತ್ತಾಗಬೇಕು.

ಒಂದೇ ಸಲಕ್ಕೆ ಎರಡು ಹೊಸ ಚಿಕಿತ್ಸೆ ಶುರು ಮಾಡಬೇಡಿ. ಸೂಜಿ, ಕಷಾಯ, ಹೊಸ ಮಾತ್ರೆ ಎಲ್ಲ ಒಟ್ಟಿಗೆ ಆದರೆ ಯಾವುದರಿಂದ ಗುಣ, ಯಾವುದರಿಂದ ಮೈ ತುರಿಕೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಇದಕ್ಕೆ ವ್ಯಾಯಾಮ ಮಾತ್ರ ಹೊರತು. ಅದನ್ನು ಮೊದಲ ದಿನದಿಂದಲೇ ಮಾಡಿ.

ಹಂತ 7: ಆಯುರ್ವೇದ: ಮೇಲೆ ಹಚ್ಚುವುದು ಬೇರೆ, ಒಳಗೆ ನುಂಗುವುದು ಬೇರೆ

ಮಂಡಿಗೆ ಹೆಚ್ಚಾಗಿ ಮಾಡುವುದು ಜಾನುಬಸ್ತಿ. ಉದ್ದಿನ ಹಿಟ್ಟನ್ನು ನೀರು ಹಾಕಿ ಗಟ್ಟಿಯಾಗಿ ಕಲಸಿ, ಮಂಡಿಯ ಸುತ್ತ ಎರಡು ಬೆರಳು ಎತ್ತರದ ಕಟ್ಟೆ ಕಟ್ಟುತ್ತಾರೆ. ಸೋರದಂತೆ ಒದ್ದೆ ಬೆರಳಿಂದ ಅಂಚು ಸವರುತ್ತಾರೆ. ಮಹಾನಾರಾಯಣ ತೈಲವನ್ನೋ ಧನ್ವಂತರ ತೈಲವನ್ನೋ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಒಳಗೆ ಸುರಿಯುತ್ತಾರೆ. ಎಣ್ಣೆ ಆರುತ್ತಾ ಬಂದಂತೆ ಹತ್ತಿಯಲ್ಲಿ ಅದ್ದಿ ಹಿಂಡಿ ತೆಗೆದು, ಮತ್ತೆ ಬೆಚ್ಚಗಿನದನ್ನು ತುಂಬುತ್ತಾರೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನ ಹೇಳುತ್ತಾರೆ. ಬಿಗಿತ ಬಿಡುತ್ತದೆ, ಕಾಲು ಹಗುರ ಅನ್ನಿಸುತ್ತದೆ. ಮನಸ್ಸಿಗೂ ಹಿತ. ಮಂಡಿ ಬಿಸಿಯಾಗಿ ಊದಿದಾಗ, ಗಾಯ ಅಥವಾ ಚರ್ಮರೋಗ ಇದ್ದಾಗ, ಜ್ವರ ಇದ್ದಾಗ ಮಾಡಿಸಬೇಡಿ. ಎಣ್ಣೆಯ ಬಿಸಿಯನ್ನು ಮೊದಲು ನಿಮ್ಮ ಮುಂಗೈಗೆ ಹಾಕಿಸಿ ನೋಡಿ.

ಹೊರಗಿನ ಚಿಕಿತ್ಸೆಗೆ ನನಗೆ ಹೆಚ್ಚು ಆತಂಕವಿಲ್ಲ. ಆತಂಕ ಇರುವುದು ಒಳಗೆ ತೆಗೆದುಕೊಳ್ಳುವುದಕ್ಕೆ. ಬಿಎಎಂಎಸ್ ಅಂದರೆ ಆಯುರ್ವೇದದ ಪದವಿ ಓದಿದ ವೈದ್ಯರು ನಿಮ್ಮನ್ನು ನೋಡಿ ಬರೆದದ್ದನ್ನು, ಪರವಾನಗಿ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಇರುವ ಡಬ್ಬಿಯಲ್ಲಿ ಕೊಂಡು, ಹೇಳಿದಷ್ಟು ದಿನ ತೆಗೆದುಕೊಳ್ಳಿ. ಕೀಲು ನೋವಿಗೆ ಕೊಡುವ ಗುಳಿಗೆಗಳಲ್ಲಿ ಯೋಗರಾಜ ಗುಗ್ಗುಲು ಬೇರೆ, ಮಹಾಯೋಗರಾಜ ಗುಗ್ಗುಲು ಬೇರೆ. ಎರಡನೆಯದರಲ್ಲಿ ಲೋಹದ ಭಸ್ಮಗಳಿರುತ್ತವೆ. ಪಕ್ಕದ ಮನೆಯವರ ಚೀಟಿ ನೋಡಿ ಅಂಗಡಿಯಲ್ಲಿ ಕೊಳ್ಳುವಂಥದ್ದಲ್ಲ. ಕಿಡ್ನಿ ತೊಂದರೆ ಇದ್ದವರಂತೂ ಭಸ್ಮ ಇರುವ ಔಷಧಿಯನ್ನು ಕಿಡ್ನಿ ವೈದ್ಯರಿಗೆ ತಿಳಿಸದೆ ಮುಟ್ಟಬೇಡಿ. ಅರಿಶಿನ ಅಡುಗೆಯಲ್ಲಿ ಎಷ್ಟು ಹಾಕಿದರೂ ಪರವಾಗಿಲ್ಲ, ಆದರೆ ಕರಿಮೆಣಸಿನ ಸಾರ ಸೇರಿಸಿದ ಹೆಚ್ಚು ಪ್ರಮಾಣದ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೂ ಅವು ಬೇಡ.

ಇಡೀ ಲೇಖನದಲ್ಲಿ ಒಂದೇ ಎಚ್ಚರಿಕೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಹೆಸರಿಲ್ಲದ ಪೊಟ್ಟಣದ ಪುಡಿ, ಗುಳಿಗೆ ಬೇಡ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸ್ಆ್ಯಪ್ ಮೂಲಕ, "ಆ ಊರಲ್ಲಿ ಒಬ್ಬರು ಕೊಡ್ತಾರೆ" ಎಂಬ ಮಾತಿನ ಮೇಲೆ ಸಿಗುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಗುರುತು ಹೀಗೆ: ಎರಡೇ ದಿನದಲ್ಲಿ ನೋವು ಮಾಯ, ಹಸಿವು ವಿಪರೀತ, ಕೆಲವು ವಾರಗಳಲ್ಲಿ ಮುಖ ದುಂಡಗಾಗಿ ಊದುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತವೆ, ಪುಡಿ ಬಿಟ್ಟರೆ ನೋವು ದುಪ್ಪಟ್ಟಾಗಿ ಬರುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಇಂಥದ್ದನ್ನು ತೆಗೆದುಕೊಂಡಿದ್ದರೆ ಭಯಪಟ್ಟು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಅದೂ ಅಪಾಯ. ಪೊಟ್ಟಣದ ಸಮೇತ ಫಿಸಿಶಿಯನ್ ಬಳಿ ಹೋಗಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ.

ಹಂತ 8: ಮನೆಯಲ್ಲಿ ಮಾಡುವ ಶಾಖ

ಬಿಸಿನೀರಿನ ಚೀಲ, ಹುರಿದ ಉಪ್ಪಿನ ಗಂಟು, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಔಡಲ ಎಲೆಗೆ ಎಣ್ಣೆ ಸವರಿ ಬಾಡಿಸಿ ಕಟ್ಟುವುದು ಎಲ್ಲವೂ ಬಿಗಿತಕ್ಕೆ ಒಳ್ಳೆಯವೇ. 15 ನಿಮಿಷ ಸಾಕು. ಓಡಾಡಿ ಊದಿಕೊಂಡ ದಿನ ಶಾಖದ ಬದಲು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಎಕ್ಕದ ಎಲೆ ಕಟ್ಟುವವರು ಜೋಪಾನ. ಅದರ ಹಾಲು ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ, ಕಣ್ಣಿಗೆ ತಗುಲಿದರೆ ದೃಷ್ಟಿಗೇ ತೊಂದರೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದಿಲ್ಲ. ಸುಟ್ಟ ಮೇಲೆ ತಿಳಿಯುತ್ತದೆ. ಅಂಥವರಿಗೆ ಬೇರೆಯವರು ಕೈಯಿಟ್ಟು ನೋಡಿಯೇ ಶಾಖ ಕೊಡಬೇಕು.

ಡೈಕ್ಲೋಫೆನಾಕ್ ಜೆಲ್ ಪರ್ಯಾಯ ಚಿಕಿತ್ಸೆಯಲ್ಲ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಮಂಡಿ ಸವೆತಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನುಂಗುವ ಮಾತ್ರೆಗಿಂತ ಹೊಟ್ಟೆಗೆ ತುಂಬ ಹಗುರ. ಹಚ್ಚಿದ ಮೇಲೆ ಅದರ ಮೇಲೆ ಶಾಖ ಕೊಡಬೇಡಿ.

ಹಂತ 9: ತೊಡೆಗೆ ಬಲ. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ

ಮಂಡಿಯ ಭಾರ ಹೊರುವುದು ತೊಡೆಯ ಮುಂಭಾಗದ ಸ್ನಾಯು. ನೋವೆಂದು ಕಾಲು ಆಡಿಸದಿದ್ದರೆ ಅದು ಸೊರಗುತ್ತದೆ. ಅದು ಸೊರಗಿದಷ್ಟೂ ಭಾರ ಕೀಲಿನ ಮೇಲೇ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಸೂಜಿಯಿಂದಲೋ ಎಣ್ಣೆಯಿಂದಲೋ ನೋವು ಸ್ವಲ್ಪ ಇಳಿದ ವಾರಗಳೇ ಇದಕ್ಕೆ ಸರಿಯಾದ ಹೊತ್ತು. ದಿನಕ್ಕೆ ಎರಡು ಸಲ ಮಾಡಿ:

1. ಹಾಸಿಗೆ ಮೇಲೆ ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ. ಒತ್ತುವಾಗ ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು.
2. ಅಂಗಾತ ಮಲಗಿ ಒಂದು ಕಾಲು ಮಡಿಸಿ, ಇನ್ನೊಂದನ್ನು ನೆಟ್ಟಗಿಟ್ಟು ಒಂದು ಅಡಿ ಎತ್ತಿ. ಐದು ಎಣಿಸಿ ನಿಧಾನವಾಗಿ ಇಳಿಸಿ. ಒಂದೊಂದು ಕಾಲಿಗೆ ಹತ್ತು.
3. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಐದರಿಂದ ಶುರು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ.
4. ಅಡುಗೆಮನೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಹತ್ತು.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಅರ್ಧಕ್ಕೆ ಕಡಿಮೆ ಮಾಡಿ, ಆದರೆ ಬಿಡಬೇಡಿ.

ಯೋಗಕ್ಕೂ ಇಲ್ಲೇ ಜಾಗ. ಬೆಂಗಳೂರಿನಲ್ಲಿ ಮಂಡಿ ಸವೆತದ 250 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಫಿಸಿಯೋಥೆರಪಿಯ ಜೊತೆ ಯೋಗ ಮಾಡಿದವರಿಗೆ, ಅದರ ಜೊತೆ ಮಾಮೂಲಿ ವ್ಯಾಯಾಮ ಮಾಡಿದವರಿಗಿಂತ ನೋವು ಹೆಚ್ಚು ಇಳಿಯಿತು. ಆದರೆ ಯಾವ ಯೋಗ ಎನ್ನುವುದು ಮುಖ್ಯ. ವಜ್ರಾಸನ, ಪದ್ಮಾಸನ, ಮಾಲಾಸನ ಮಂಡಿಯನ್ನು ಪೂರ್ತಿ ಮಡಚುವ ಆಸನಗಳು, ಸವೆದ ಮಂಡಿಗೆ ಬೇಡ. "ಊಟ ಆದ ಮೇಲೆ ವಜ್ರಾಸನದಲ್ಲಿ ಕೂತರೆ ಒಳ್ಳೇದು" ಎಂದು ಹಿರಿಯರನ್ನು ಬಲವಂತವಾಗಿ ಕೂರಿಸಬೇಡಿ. ಕುರ್ಚಿ, ಗೋಡೆ, ಪಟ್ಟಿಗಳ ಸಹಾಯದಿಂದ ಮಾಡಿಸುವವರನ್ನು ಹುಡುಕಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ರೂಢಿಗೆ ತಂದ ಈ ವಿಧಾನ ಮಂಡಿ ನೋವಿನವರಿಗೆ ಹೇಳಿ ಮಾಡಿಸಿದಂತಿದೆ.

ತೂಕದ ಲೆಕ್ಕ ಸರಳ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮೂರು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಮನೆಯೊಳಗೂ ನಾಲ್ಕು ಬದಲಾವಣೆ ಬೇಕು. ಈಳಿಗೆ ಮಣೆ ಮುಂದೆ ನೆಲದಲ್ಲಿ ಕೂರುವುದು ಬಿಟ್ಟು ಮೇಜಿನ ಮೇಲೆ ಹೆಚ್ಚಿ. ಕಕ್ಕಸು ನೆಲಮಟ್ಟದ್ದಾದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ತನ್ನಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯುವುದು ನೋವಿರುವ ಬದಿಯ ಕೈಯಲ್ಲಲ್ಲ, ಅದರ ಎದುರು ಕೈಯಲ್ಲಿ. ಕೋಲೆಂದರೆ ನಾಚಿಕೆಪಡುವವರು ಬಹಳ. ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಕೋಲು ಸಾವಿರ ಪಾಲು ಮೇಲು.

ಉಳಿದವುಗಳ ಬಗ್ಗೆ ಚುಟುಕಾಗಿ

ಗ್ಲುಕೋಸಮೈನ್ ಮಾತ್ರೆ: ಅಮೆರಿಕದ ಅದೇ ಮಾರ್ಗಸೂಚಿ ಬೇಡ ಎಂದೇ ಒತ್ತಿ ಹೇಳುತ್ತದೆ. ತಿಂಗಳ ಆ ಖರ್ಚು ಉಳಿಸಿ ಒಳ್ಳೆಯ ಚಪ್ಪಲಿ ಕೊಳ್ಳಿ. ಮ್ಯಾಗ್ನೆಟ್ ಪಟ್ಟಿ, ತಾಮ್ರದ ಬಳೆ: ಗುಣವೇನೂ ಇಲ್ಲ. ಹೋಮಿಯೋಪಥಿ: ಸವೆತಕ್ಕೆ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಕಂಡಿಲ್ಲ. ರಕ್ತ ತೆಗೆಯುವ ಹಿಜಾಮಾ: ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದವರಿಗೆ ಬೇಡ. ಆಂಧ್ರದ ಪುತ್ತೂರು ಕಟ್ಟಿನಂಥ ನಾಟಿ ಕಟ್ಟು: ಹೆಸರು ಮಾಡಿರುವುದು ಮುರಿದ ಮೂಳೆಗೆ, ಸವೆತಕ್ಕೆ ಅಲ್ಲ. ಮಂಡಿಯನ್ನು ಲಟಕ್ಕೆಂದು ತಿರುಗಿಸಿ "ಕೂರಿಸುವವರ" ಕೈಗೆ ಕಾಲು ಕೊಡಬೇಡಿ.

ಆಪರೇಷನ್ ಎಂದರೆ

ಆರು ತಿಂಗಳು ಇದನ್ನೆಲ್ಲ ನಿಷ್ಠೆಯಿಂದ ಮಾಡಿದ ಮೇಲೂ ರಾತ್ರಿ ನಿದ್ದೆ ಬರದಿದ್ದರೆ, ಕಾಲು ಬಿಲ್ಲಿನಂತೆ ಬಾಗುತ್ತಾ ಬಂದಿದ್ದರೆ, ಮನೆಯೊಳಗೇ ಓಡಾಡಲು ಆಗದಿದ್ದರೆ ಮಂಡಿ ಬದಲಾವಣೆಯ ಬಗ್ಗೆ ಮೂಳೆ ವೈದ್ಯರ ಜೊತೆ ಕೂತು ಮಾತಾಡಿ. ಅದು ಸೋತಂತಲ್ಲ. ತೊಡೆಗೆ ತುಂಬಿದ ಬಲ ಅಲ್ಲೂ ಕೈಬಿಡುವುದಿಲ್ಲ, ಆಪರೇಷನ್ ಆದ ಮೇಲೆ ಎದ್ದು ನಡೆಯಲು ಅದೇ ಬೇಕು. ದಿನಾಂಕ ಗೊತ್ತಾದ ಕೂಡಲೇ ನೋಟ್‌ಬುಕ್ಕಿನ ಆ ಕೊನೆಯ ಪುಟವನ್ನು ಸರ್ಜನ್‌ಗೂ ಅರಿವಳಿಕೆ ಕೊಡುವ ವೈದ್ಯರಿಗೂ ತೋರಿಸಿ. ಗುಗ್ಗುಲು, ಅರಿಶಿನದ ಮಾತ್ರೆ, ಪುಡಿ ಯಾವುದನ್ನೂ ಬಿಡದೆ ಹೇಳಿ. ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಅವರು ಬರೆದುಕೊಡುತ್ತಾರೆ.